ಪಿಕ್‌ಗಾರ್ಡ್ ಗೀರಿಗೆ ನೋವಸ್ ಪಾಲಿಶ್: ಮೂರು ವರ್ಷ ತಿಕ್ಕಿದವನ ಮಾತು

ನನ್ನದು ಸ್ಕ್ವಯರ್ ಕಂಪನಿಯ ಪಿ-ಬಾಸ್, ಅಂದರೆ ಪ್ರಿಸಿಷನ್ ಬಾಸ್ ಗಿಟಾರ್. ಗಿಟಾರಿನ ಮೈಗೆ ಗೀರು ಬೀಳದಂತೆ ಮೇಲೆ ಕೂರಿಸುವ ಪ್ಲಾಸ್ಟಿಕ್ ಹಲಗೆಯೇ ಪಿಕ್‌ಗಾರ್ಡ್, ನನ್ನದರಲ್ಲಿ ಅದು ಕಪ್ಪು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಕಪ್ಪು ಪಿಕ್‌ಗಾರ್ಡ್ ಕಪ್ಪು ಕಾರಿನ ಹಾಗೆ, ತೊಳೆದ ದಿನ ಮಾತ್ರ ಚಂದ. ಮನೆಯ ಟ್ಯೂಬ್‌ಲೈಟಿನಲ್ಲಿ ಕಾಣದ ಗೀರೆಲ್ಲ ಸ್ಟೇಜಿನ ಪಾರ್ ಲೈಟ್ ಬಿದ್ದ ಕೂಡಲೇ ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಬಿಳಿ ಅಥವಾ ಮಿಂಟ್ ಬಣ್ಣದ್ದಾಗಿದ್ದರೆ ಈ ವಿಮರ್ಶೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಾನು ಬೆಂಗಳೂರಿನ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಬಾಸ್ ನುಡಿಸುತ್ತೇನೆ. ಗಣೇಶನ ಪೆಂಡಾಲಿನಲ್ಲಿ ಶುರುವಾದರೆ ನವೆಂಬರ್ ರಾಜ್ಯೋತ್ಸವ ಮುಗಿಯುವವರೆಗೂ ಓಡಾಟ. ಹಳೇ ಮಾಲೀಕ ಸ್ಲ್ಯಾಪ್ (ತಂತಿಯನ್ನು ಹೆಬ್ಬೆರಳಿನಿಂದ ಹೊಡೆದು, ಎಳೆದು ಬಿಟ್ಟು ನುಡಿಸುವುದು) ಹುಚ್ಚಿನವನಿರಬೇಕು. ಜಿ ತಂತಿಯನ್ನು ಎಳೆದು ಬಿಡುವ ಜಾಗದಲ್ಲಿ, ಕುತ್ತಿಗೆ ಮುಗಿಯುವಲ್ಲಿಂದ ತಂತಿಯ ಸದ್ದು ಹಿಡಿಯುವ ಪಿಕಪ್‌ವರೆಗೆ, ಉಗುರಿನ ಗೀರು ಒಂದರ ಮೇಲೊಂದು ಬಿದ್ದು ಪ್ಲಾಸ್ಟಿಕ್ ಬೂದು ಬಣ್ಣಕ್ಕೆ ತಿರುಗಿತ್ತು. ಕೆಳಗೆ ವಾಲ್ಯೂಮ್ ನಾಬ್ ಹತ್ತಿರ ಇನ್ನೊಂದು ಗೀರು, ಎರಡಿಂಚು ಉದ್ದ, ಒಳ್ಳೇ ಆಳ. ಅದು ನನ್ನದೇ. ಮದುವೆ ಉಂಗುರ ಹಾಕಿಕೊಂಡೇ ಸ್ಕ್ರೂ ಬಿಗಿಮಾಡಲು ಹೋಗಿದ್ದೆ.

ಪಾಲಿಶ್ ತರಿಸುವ ಮೊದಲು ಮನೆಯ ವೈದ್ಯ ಎಲ್ಲವೂ ಆಗಿತ್ತು. ಟೂತ್‌ಪೇಸ್ಟ್ ಹಚ್ಚಿದೆ. ಸಣ್ಣ ಗೀರು ಸ್ವಲ್ಪ ಮಾಸಿತು, ಆದರೆ ಮೇಲೆ ಮಂಜಿನಂಥ ಪದರ ಉಳಿಯಿತು, ಎರಡು ರಿಹರ್ಸಲ್‌ವರೆಗೆ ಬಾಸ್ ಪುದೀನ ವಾಸನೆ ಹೊಡೆಯಿತು. ಆಮೇಲೆ ಅಮ್ಮ ದೇವರ ದೀಪ ಬೆಳಗುವ ಹಿತ್ತಾಳೆ ಪಾಲಿಶ್. ಸುಳ್ಳು ಹೇಳುವುದಿಲ್ಲ, ಅದು ಒಂದು ಮಟ್ಟಿಗೆ ಕೆಲಸ ಮಾಡಿತು. ಆದರೆ ಅದು ಲೋಹಕ್ಕೆಂದು ಮಾಡಿದ್ದು, ಮೂಗಿಗೆ ಹೊಡೆಯುವ ಘಾಟು ಬೇರೆ. ಪ್ಲಾಸ್ಟಿಕ್ಕಿನ ಮೇಲೆ ಮತ್ತೆ ಮತ್ತೆ ಹಚ್ಚುವ ಧೈರ್ಯ ಬರಲಿಲ್ಲ.

ಹೀಗಾಗಿ ಅಮೆರಿಕದ ನೋವಸ್ ಪ್ಲಾಸ್ಟಿಕ್ ಪಾಲಿಶ್ ಸೆಟ್ ತರಿಸಿದೆ. ಒಟ್ಟು ಮೂರು ಬಾಟಲಿ. 3ನೇ ನಂಬರ್ ದೊಡ್ಡ ಗೀರಿಗೆ, 2ನೇ ನಂಬರ್ ಸಣ್ಣ ಗೀರಿಗೆ, 1ನೇ ನಂಬರ್ ಕೊನೆಯಲ್ಲಿ ಒರೆಸಿ ಹೊಳಪು ಕೊಡುವುದಕ್ಕೆ. ದೊಡ್ಡ ನಂಬರಿನಿಂದ ಇಳಿಯುತ್ತಾ ಬರಬೇಕು. ಆನ್‌ಲೈನ್‌ನಲ್ಲಿ ಮಾರಿದ ಪುಣ್ಯಾತ್ಮ ಬಾಟಲಿಗಳನ್ನು ಒಂದು ತೆಳು ಕವರಿನಲ್ಲಿ ತುರುಕಿ ಕಳಿಸಿದ್ದ, 2ನೇ ನಂಬರಿನ ಮುಚ್ಚಳ ಸಡಿಲವಾಗಿ ಕಾಲು ಬಾಟಲಿ ಕವರಿನೊಳಗೇ ಚೆಲ್ಲಿತ್ತು. ಮಿಕ್ಕಿದ್ದೇ ಮೂರು ವರ್ಷ ಬಂದಿದೆ ಎಂದ ಮೇಲೆ ಒಂದು ಸಲಕ್ಕೆ ಎಷ್ಟು ಬೇಕಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ. ಕಡಲೆಕಾಳಿನಷ್ಟು ಸಾಕು.

ಮೊದಲು ಉಗುರಿನ ಪರೀಕ್ಷೆ ಮಾಡಿ. ಗೀರಿಗೆ ಅಡ್ಡಲಾಗಿ ಉಗುರು ಎಳೆದಾಗ ಅದು ತಡೆಯದೆ ಜಾರಿದರೆ ಪಾಲಿಶ್‌ನಿಂದ ಹೋಗುತ್ತದೆ. ಟಕ್ಕೆಂದು ಸಿಕ್ಕಿಕೊಂಡರೆ ಬರೀ ಪಾಲಿಶ್‌ನಿಂದ ಹೋಗುವುದಿಲ್ಲ, ಯಾವ ಕಂಪನಿಯದಾದರೂ ಅಷ್ಟೇ. ಪಾಲಿಶ್ ಗೀರನ್ನು ತುಂಬುವುದಿಲ್ಲ, ಸುತ್ತಲಿನ ಪ್ಲಾಸ್ಟಿಕ್ಕನ್ನು ಗೀರಿನ ತಳದವರೆಗೆ ಸವೆಸುತ್ತದೆ. ಗೀರಿನ ಅಂಚಿಗೆ ಬಿದ್ದ ಬೆಳಕು ಚದುರುವುದರಿಂದಲೇ ಅದು ಬೆಳ್ಳಗೆ ಕಾಣುವುದು. ಅಂಚು ಸವೆದು ನುಣುಪಾದರೆ ಗೀರು ಕಣ್ಣಿಗೆ ಬೀಳುವುದಿಲ್ಲ.

ಮೊದಲ ಸಲ ಸೋಮಾರಿತನದಿಂದ ಪಿಕ್‌ಗಾರ್ಡ್ ಬಿಚ್ಚದೇ ತಿಕ್ಕಿದೆ. ಉಗುರಿನ ಗೀರುಗಳಿದ್ದ ಬೂದು ಜಾಗಕ್ಕೆ 2ನೇ ನಂಬರ್ ಹಚ್ಚಿ, ಸಣ್ಣ ಸಣ್ಣ ಸುತ್ತು ಹಾಕುತ್ತಾ, ಪಾಲಿಶ್ ಅರೆಒಣಗುವವರೆಗೆ ತಿಕ್ಕಿ ಒರೆಸಿದರೆ ಮೂರನೇ ಸುತ್ತಿಗೆ ಟ್ಯೂಬ್‌ಲೈಟಿನ ಪ್ರತಿಬಿಂಬ ನೆಟ್ಟಗೆ ಕಂಡಿತು. ಮೊದಲು ಅದೇ ಜಾಗದಲ್ಲಿ ಬೆಳಕು ಹಾಲು ಚೆಲ್ಲಿದಂತೆ ಹರಡುತ್ತಿತ್ತು. ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು. ಆದರೆ ಪಾಲಿಶ್ ಸ್ಕ್ರೂ ತಲೆಯ ಸುತ್ತ ಮತ್ತು ಪಿಕಪ್ ಅಂಚಿನ ಸಂದಿಗೆ ಇಳಿದು ಒಣಗಿ ಬೆಳ್ಳಗೆ ಕೂತಿತು. ಕಪ್ಪಿನ ಮೇಲೆ ಬಿಳಿ, ಕೇಳಬೇಕೇ! ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಸಂಜೆಯೆಲ್ಲ ಕೂತೆ.

ಆಮೇಲಿಂದ ಬಿಚ್ಚಿಯೇ ಮಾಡುತ್ತೇನೆ. ಪಿ-ಬಾಸ್‌ನಲ್ಲಿ 13 ಸ್ಕ್ರೂ. ವಾಲ್ಯೂಮ್, ಟೋನ್, ಕೇಬಲ್ ಸಿಕ್ಕಿಸುವ ಜ್ಯಾಕ್ ಮೂರೂ ಪಿಕ್‌ಗಾರ್ಡಿಗೇ ಕೂತಿರುತ್ತವೆ, ಅದಕ್ಕೆ ತಂತಿ ಸಡಿಲಿಸಿ ಎತ್ತುವಾಗ ಕೆಳಗಿನ ವೈರ್ ಎಳೆಯದಂತೆ ನೋಡಿಕೊಳ್ಳಬೇಕು. ಜಾಝ್ ಬಾಸ್ ಎಂಬ ಇನ್ನೊಂದು ಮಾದರಿ ಇರುವವರು ಅದೃಷ್ಟವಂತರು, ಅದರಲ್ಲಿ ನಾಬ್‌ಗಳಿಗೆ ಬೇರೆಯೇ ಲೋಹದ ತಗಡು ಇರುತ್ತದೆ. ಸ್ಕ್ರೂಗಳನ್ನು ಮರಳಿ ಹಾಕುವಾಗ ಮೊದಲು ಎಡಕ್ಕೆ ತಿರುಗಿಸಿ, ಮರದಲ್ಲಿ ಮೊದಲೇ ಬಿದ್ದ ತಿರುಪಿನ ಗೆರೆಗೆ ಕೂತ ಸದ್ದು ಕೇಳಿದ ಮೇಲೆ ಬಲಕ್ಕೆ ತಿರುಗಿಸಿ. ಇಲ್ಲದಿದ್ದರೆ ಮರದ ತೂತು ಸಡಿಲವಾಗುತ್ತದೆ.

ಬಟ್ಟೆಯ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಹಳೇ ಬನಿಯನ್ ಬೇಡ, ಹೊಲಿಗೆಯ ಅಂಚು ತಾಗಿದರೆ ಹೊಸ ಗೀರು ಬೀಳುತ್ತದೆ, ನನಗೆ ಬಿದ್ದಿದೆ. ಮೈಕ್ರೋಫೈಬರ್ ಒಳ್ಳೆಯದೇ, ಆದರೆ ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೇ ಮತ್ತೆ ಮುಟ್ಟಬೇಡಿ. ಒಂದು ಮರಳಿನ ಕಣ ಸಾಕು ಮಾಡಿದ್ದೆಲ್ಲ ಮಣ್ಣುಪಾಲಾಗಲು. ನನಗೆ ಎಲ್ಲಕ್ಕಿಂತ ಒಗ್ಗಿದ್ದು ಒಗೆದು ಒಗೆದು ಜಾಳಾದ ಹಳೇ ಹತ್ತಿ ಪಂಚೆ.

ಇನ್ನು ಉಂಗುರದ ಗೀರು. ಬಾಟಲಿಯ ಮೇಲೆ ದೊಡ್ಡ ಗೀರಿಗೆ ಎಂದಿದೆಯಲ್ಲ ಎಂದು 3ನೇ ನಂಬರ್ ಹಚ್ಚಿ, ಗೀರಿಗೆ ಅಡ್ಡವಾಗಿ ಅರ್ಧ ಗಂಟೆ ತಿಕ್ಕಿದೆ. ಅಂಚು ಮೆತ್ತಗಾಯಿತು, ಗೀರು ಉಳಿಯಿತು. ಉಗುರು ಮೊದಲೇ ಹೇಳಿತ್ತು, ನಾನೇ ಕೇಳಲಿಲ್ಲ. ಆಗ ನಮ್ಮ ಭಾವ ಡ್ರಿಲ್ ಮೆಷಿನ್ನಿಗೆ ಸಿಕ್ಕಿಸುವ ಬಫ್ ಚಕ್ರ ತಂದುಕೊಟ್ಟರು. ಮಾಡಬೇಡಿ! ಪಿಕ್‌ಗಾರ್ಡ್ ಬಹುತೇಕ ಪಿವಿಸಿ, ಸುಮಾರು 80 ಡಿಗ್ರಿಗೇ ಮೆತ್ತಗಾಗುವ ವಸ್ತು. ಹತ್ತು ಸೆಕೆಂಡಿನಲ್ಲಿ ಮೂಲೆಯೊಂದು ಬಿಸಿಯಾಗಿ, ಮೇಲ್ಮೈ ಎಣ್ಣೆ ಸವರಿದಂತೆ ಎಳೆದುಕೊಂಡಿತು. ಆ ಕಲೆ ಈಗಲೂ ಇದೆ. ಭಾವ ಮನೆಗೆ ಬಂದಾಗ ಬಾಸ್‌ನ ಆ ಕಡೆಯನ್ನು ಗೋಡೆಗೆ ತಿರುಗಿಸಿ ಇಡುತ್ತೇನೆ.

ಕೊನೆಗೆ ಜೆ.ಸಿ. ರಸ್ತೆಯಲ್ಲಿ ಕಾರಿನ ಪೇಂಟಿಂಗ್ ಸಾಮಾನು ಮಾರುವ ಅಂಗಡಿಯಿಂದ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ತಂದೆ, 1000, 1500, 2000 ನಂಬರ್ ಒಂದೊಂದು ಹಾಳೆ. ಈ ಇಡೀ ಕಥೆಯಲ್ಲಿ ಅತಿ ಅಗ್ಗದ ಮತ್ತು ಅತಿ ಉಪಯುಕ್ತ ಖರ್ಚು ಇದೇ. ನೀರಿಗೆ ಒಂದು ಹನಿ ಪಾತ್ರೆ ಸೋಪು, ಪೇಪರನ್ನು ರಬ್ಬರಿಗೆ ಸುತ್ತಿ 1000ದಿಂದ ಉದ್ದಕ್ಕೆ, 1500ರಿಂದ ಅಡ್ಡಕ್ಕೆ, 2000ದಿಂದ ಮತ್ತೆ ಉದ್ದಕ್ಕೆ. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಪೇಪರಿನ ಗೆರೆ ಪೂರ್ತಿ ಹೋಯಿತೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ನಡುವೆ ಒಂದು ಹಂತದಲ್ಲಿ ಆ ಜಾಗವೆಲ್ಲ ಸ್ಲೇಟಿನ ಹಾಗೆ ಬೂದಾಗಿ ಎದೆ ಧಸಕ್ಕೆನ್ನುತ್ತದೆ, ಹೆದರಬೇಡಿ. ಆಮೇಲೆ 3, 2, 1 ಬಂದರೆ ಕಪ್ಪು ವಾಪಸ್ ಬರುತ್ತದೆ. 3ನೇ ನಂಬರಿನ ನಿಜವಾದ ಕೆಲಸ ಇದು, ವಾಟರ್ ಪೇಪರ್ ಬಿಟ್ಟ ಗೆರೆಗಳನ್ನು ತೆಗೆಯುವುದು. ಒಂದೇ ಎಚ್ಚರ: ನನ್ನದು ಕಪ್ಪು-ಬಿಳಿ-ಕಪ್ಪು ಮೂರು ಪದರದ್ದು, ಮೇಲಿನ ಕಪ್ಪು ತೆಳು. ಒಂದೇ ಕಡೆ ಒತ್ತಿ ತಿಕ್ಕಿದರೆ ಬಿಳಿ ಇಣುಕುತ್ತದೆ, ಆಮೇಲೆ ದೇವರೇ ಬಂದರೂ ಆಗದು. ಅದಕ್ಕೆ ಗೀರಿನ ಸುತ್ತ ಅಂಗೈ ಅಗಲ ಹರಡಿಕೊಂಡು ತಿಕ್ಕಬೇಕು.

ಈಗ 1ನೇ ನಂಬರಿನ ವಿಷಯ. ಒರೆಸುವ ದ್ರವ ತಾನೇ, ನೀರಿಗೂ ಇದಕ್ಕೂ ಏನು ಮಹಾ ವ್ಯತ್ಯಾಸ ಎಂದು ಮೊದಮೊದಲು ಅದನ್ನು ಬಿಟ್ಟೇಬಿಡುತ್ತಿದ್ದೆ. ಒಂದು ಜನವರಿಯ ಕಾರ್ಯಕ್ರಮದ ಹಿಂದಿನ ರಾತ್ರಿ ಒಣ ಬಟ್ಟೆಯಲ್ಲಿ ಚೆನ್ನಾಗಿ ಮಿಂಚುವಂತೆ ಉಜ್ಜಿಕೊಂಡು ಹೋದೆ. ಸೌಂಡ್ ಚೆಕ್‌ನಲ್ಲಿ ಚಟ್ ಚಟ್ ಎಂದು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು.

"ಅಣ್ಣಾ, ನಿಮ್ ಕೇಬಲ್ಲೇ ಹೋಗಿರ್ಬೇಕು ನೋಡಿ" ಅಂದ ಸೌಂಡ್ ಹುಡುಗ. ಕೇಬಲ್ ಬದಲಾಯಿಸಿದೆವು, ಬಾಸನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್ ಬದಲಾಯಿಸಿದೆವು, ಸದ್ದು ಹೋಗಲಿಲ್ಲ. ಆಮೇಲೆ ಅವನೇ ನನ್ನ ಕೈ ನೋಡಿ, "ಬೆರಳು ಆ ಪ್ಲಾಸ್ಟಿಕ್‌ಗೆ ತಾಗಿದಾಗ ಮಾತ್ರ ಬರ್ತಿದೆಯಲ್ಲಣ್ಣ" ಅಂದ. ಸ್ಥಿರ ವಿದ್ಯುತ್ತು! ಒಣ ಹವೆಯಲ್ಲಿ ಪಿವಿಸಿಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಚಾರ್ಜ್ ಕೂಡುತ್ತದೆ, ಕೆಳಗೇ ಇರುವ ಪಿಕಪ್ ಮತ್ತು ವೈರಿಂಗ್ ಅದನ್ನು ಹಿಡಿದು ಆಂಪ್‌ಗೆ ಕಳಿಸುತ್ತದೆ. ಕರ್ಚೀಫ್ ಒದ್ದೆ ಮಾಡಿ ಒರೆಸಿದೆ, ಆ ಹೊತ್ತಿಗೆ ಸದ್ದು ನಿಂತಿತು. ಮನೆಗೆ ಬಂದು 1ನೇ ನಂಬರ್ ಬಾಟಲಿ ಓದಿದರೆ, ಸ್ಥಿರ ವಿದ್ಯುತ್ತನ್ನೂ ಧೂಳನ್ನೂ ದೂರವಿಡುವುದಕ್ಕೇ ಅದು ಇರುವುದು ಎಂದು ಬರೆದಿದೆ. ಓದಿ ತಲೆ ಚಚ್ಚಿಕೊಂಡೆ. ಮುಂದಿನ ಸಲ ಬಿಚ್ಚಿದಾಗ ಪಿಕ್‌ಗಾರ್ಡ್ ಕೆಳಗೆ ಅಂಟಿಸುವ ತಾಮ್ರದ ಹಾಳೆಯನ್ನೂ ಹಾಕಿ, ಅದು ನಾಬ್‌ಗಳ ಕೆಳಗಿನ ಪಾಟ್‌ಗಳ ಲೋಹದ ಮೈಗೆ ತಾಗುವಂತೆ ಮಾಡಿದೆ. ಅಂದಿನಿಂದ ಚಟಪಟ ಇಲ್ಲ.

ಯಾರು ಇದನ್ನು ಕೊಳ್ಳಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಪಿಕ್‌ಗಾರ್ಡ್ ಮ್ಯಾಟ್ ಆಗಿದ್ದರೆ ಮುಟ್ಟಬೇಡಿ, ತಿಕ್ಕಿದ ಜಾಗ ಮಾತ್ರ ಹೊಳೆದು ತೇಪೆ ಹಚ್ಚಿದಂತೆ ಕಾಣುತ್ತದೆ. 1957ರಲ್ಲಿ ಫೆಂಡರ್ ಕಂಪನಿ ಪಿ-ಬಾಸ್‌ಗೆ ಹಾಕಿದಂಥ ಚಿನ್ನದ ಬಣ್ಣದ ಆನೊಡೈಸ್ಡ್ ಅಲ್ಯೂಮಿನಿಯಂ ಆಗಿದ್ದರೂ ಬೇಡ, ಅದರ ಬಣ್ಣದ ಪದರವೇ ಸವೆದುಹೋಗುತ್ತದೆ. ಆಮೇಲೆ ಬಂದ ಆಮೆಚಿಪ್ಪಿನ ಬಣ್ಣದ ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್ಕಿನ ಪಿಕ್‌ಗಾರ್ಡ್ ನಿಮ್ಮಲ್ಲಿದ್ದರೆ ನೀವು ನನ್ನ ಮಾತು ಕೇಳುವ ಅಗತ್ಯವೇ ಇಲ್ಲ. ಅದು ವರ್ಷ ಕಳೆದಂತೆ ಕುಗ್ಗಿ ಬಿರುಕು ಬಿಡುವ ವಸ್ತು, ಗೀರು ಇದ್ದ ಹಾಗೇ ಇರಲಿ. ಇನ್ನು ಹೊಚ್ಚ ಹೊಸ ಬಾಸ್ ತಂದು ಒಂದೇ ವಾರಕ್ಕೆ ಗೀರು ಬಿತ್ತು ಎಂದು ಕಂಗಾಲಾದವರು ಮೊದಲು ಮೂಲೆಯಲ್ಲಿ ಉಗುರು ಹಾಕಿ ನೋಡಿ. ನಮ್ಮ ತಂಡದ ಕೀಬೋರ್ಡ್ ಹುಡುಗನ ತಮ್ಮ ಹೀಗೇ ಪಾಲಿಶ್ ಕೇಳಿಕೊಂಡು ಬಂದಿದ್ದ. ಕಾರ್ಖಾನೆಯ ಪ್ಲಾಸ್ಟಿಕ್ ಹಾಳೆಯನ್ನೇ ಅವನು ಕಿತ್ತಿರಲಿಲ್ಲ.

ಮೂರು ವರ್ಷದ ಲೆಕ್ಕ ಹೀಗಿದೆ. ಯಾವುದಕ್ಕಾಗಿ ಸೆಟ್ ಕೊಂಡೆನೋ ಆ 3ನೇ ನಂಬರ್ ಮುಕ್ಕಾಲು ಹಾಗೇ ಇದೆ. 2ನೇ ನಂಬರ್ ತಳದಲ್ಲಿ ಒಂದು ಬೆರಳು ಉಳಿದಿದೆ. 1ನೇ ನಂಬರ್ ಖಾಲಿಯಾಗಿ ಎರಡನೇ ಬಾಟಲಿ ನಡೆಯುತ್ತಿದೆ. ಮತ್ತೆ ಕೊಳ್ಳುವುದಾದರೆ ಇಡೀ ಸೆಟ್ ತರಿಸುವುದಿಲ್ಲ, 1 ಮತ್ತು 2 ಮಾತ್ರ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು, ಹೊಸ ಪಿಕ್‌ಗಾರ್ಡೇ ಸಿಗುವಾಗ ಇಷ್ಟೊಂದು ಖರ್ಚು ಮಾಡಿದ ನನ್ನ ಹಟಕ್ಕೆ.

ಮೊನ್ನೆ ಗ್ರೀನ್ ರೂಮಿನಲ್ಲಿ ಬಾಟಲಿ ತೆಗೆದು ಒರೆಸುತ್ತಿದ್ದಾಗ ನಮ್ಮ ತಬಲಾದ ಹಿರಿಯರು ಕನ್ನಡಕ ತೆಗೆದು ಮುಂದೆ ಹಿಡಿದರು. "ಇದಕ್ಕೂ ಒಂದು ಕೈ ಹಾಕಪ್ಪಾ, ಗೀರೋ ಗೀರು." ಕೋಟಿಂಗ್ ಇರುವ ಕನ್ನಡಕಕ್ಕೆ ಇದು ಆಗುವುದಿಲ್ಲ, ಕೋಟಿಂಗೇ ಎದ್ದುಬರುತ್ತದೆ ಸಾರ್ ಎಂದೆ. "ಹಂಗಾದ್ರೆ ಬ್ಯಾಡ ಬಿಡು" ಎಂದವರು, ಬಾಟಲಿ ಬಿಟ್ಟು ನನ್ನ ಪಂಚೆ ತುಂಡನ್ನು ಮಾತ್ರ ಎತ್ತಿಕೊಂಡು ಹೋದರು.