ಹಳೇ ಆಕ್ಟೇವಿಯಾ ಆರ್‌ಎಸ್: ಕಂಪನಿಯ ದೊಡ್ಡ ಸರ್ವಿಸ್ಸೋ, ಬೆಳಗಾವಿ ಉದ್ಯಮಬಾಗದ ಗ್ಯಾರೇಜೋ?

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಎಚ್‌ಪಿ. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ವಯಸ್ಸಿಗೆ ಹೋಲಿಸಿದರೆ ಓಡಿದ್ದು ತೀರಾ ಕಮ್ಮಿ, ಹಳೇ ಬಿಲ್ಲುಗಳು ಅರ್ಧಕ್ಕರ್ಧ ಇಲ್ಲ. ಇಂಥ ಗಾಡಿಗೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಹಲ್ಲಿನ ರಬ್ಬರ್ ಪಟ್ಟಿ) ಸೇರಿದ ದೊಡ್ಡ ಸರ್ವಿಸ್ ಈಗಲೇ ಬೇಕಾ ಅನ್ನುವುದಕ್ಕೆ ಮೂರು ಕಡೆ ಉತ್ತರ ಹುಡುಕಿದೆ.

ಫೋನಿಗೆ ಜೋಡಿಸುವ ಸ್ಕ್ಯಾನರ್ ಎಲ್ಲಕ್ಕಿಂತ ಅಗ್ಗ. ಒಂದೂ ಎರರ್ ಕೋಡ್ ಬರಲಿಲ್ಲ. ಖುಷಿಪಡುವಂಥದ್ದೇನಿಲ್ಲ ಬಿಡಿ. ಮಿಸ್‌ಫೈರ್ ಆದರೆ, ಸೆನ್ಸರ್ ಹೋದರೆ ಅದು ಹೇಳುತ್ತದೆ. ರಬ್ಬರ್ ಎಷ್ಟು ಹಳೆಯದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಕಂಪನಿ ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಎತ್ತುವ ಮೊದಲೇ ಎಸ್ಟಿಮೇಟ್ ಪ್ರಿಂಟ್ ಆಗಿ ಬಂತು. ಬೆಲ್ಟ್, ವಾಟರ್ ಪಂಪ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲಾ ಇತ್ತು, ಸರಿ. ಜೊತೆಗೆ ಅಂಡರ್‌ಬಾಡಿ ಕೋಟಿಂಗ್, ಎಸಿ ಟ್ರೀಟ್‌ಮೆಂಟ್ ಅಂತ ಸುಮ್ನೆ ತುರುಕಿದ್ದೂ ಇತ್ತು. ಒಂದು ಮಾತು ಒಪ್ಪಬೇಕು: ಅವರ ಬಿಲ್ಲಿನಲ್ಲಿ ಪಾರ್ಟ್ ನಂಬರ್, ಕಿಲೋಮೀಟರ್, ತಾರೀಖು ಎಲ್ಲಾ ಅಚ್ಚುಕಟ್ಟು. ಮುಂದೆ ಗಾಡಿ ಮಾರುವವರಿಗೆ ಆ ಕಾಗದಕ್ಕೆ ಬೆಲೆ ಇದೆ.

ಉದ್ಯಮಬಾಗದ ಮಿಸ್ತ್ರಿ ಎಸ್ಟಿಮೇಟ್ ಕೊಡಲಿಲ್ಲ, ಟಾರ್ಚ್ ಹಿಡಿದರು. ಬೆಲ್ಟಿನ ಮೇಲಿನ ಕವರ್ ತೆಗೆದು, ಎಂಜಿನ್ನನ್ನು ಪಾನಾದಿಂದ ನಿಧಾನಕ್ಕೆ ತಿರುಗಿಸುತ್ತಾ ಒಂದೊಂದೇ ಹಲ್ಲು ನೋಡಿದರು. ಬಿರುಕಿಲ್ಲ, ಅಂಚು ಬಿಚ್ಚಿಲ್ಲ, ಎಣ್ಣೆ ತಾಗಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದರು, ತಿಳಿ ಕಂದು ಬಣ್ಣ, ಅಂದರೆ ಚೆನ್ನಾಗಿದೆ. ಹಾಗೇ ವಾಪಸ್ ಹಾಕಿದರು. ಟರ್ಬೊ ಪಕ್ಕದ ಸಣ್ಣ ವ್ಯಾಕ್ಯೂಮ್ ಪೈಪನ್ನು ಎರಡು ಬೆರಳಲ್ಲಿ ಒತ್ತಿದಾಗ ಮಾತ್ರ ಅದು ಹಪ್ಪಳದ ಹಾಗೆ ಪಟ್ ಅಂತು.

"ಬೆಲ್ಟ್ ನೋಡಾಕ ಚಲೋ ಐತ್ರಿ ಸರ. ಆದ್ರ ಯಾವಾಗ ಹಾಕ್ಯಾರ ಅಂತ ನಿಮಗ ಗೊತ್ತೈತೇನ್ರಿ?" ಅಂದರು.

ಗೊತ್ತಿರಲಿಲ್ಲ. ಅಲ್ಲಿಗೆ ಚರ್ಚೆ ಮುಗಿಯಿತು. ಈಗಿನ ಬೆಲ್ಟುಗಳು ಹೊರಗೆ ಏನೂ ತೋರಿಸದೆ ಹರಿಯಬಹುದು. ಈ ಎಂಜಿನ್ನಿನಲ್ಲಿ ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ಸಿಲಿಂಡರಿಗೆ ಐದರಂತೆ 20 ವಾಲ್ವ್! ಅದರ ಮುಂದೆ ಬೆಲ್ಟಿನ ಖರ್ಚು ಏನೂ ಅಲ್ಲ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಹಾಗಾಗಿ ಪಂಪ್, ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ರೋಲರ್ ಎಲ್ಲಾ ಒಟ್ಟಿಗೇ ಬದಲಿಸಬೇಕು. ಇಲ್ಲವಾದರೆ ಪಂಪ್ ಸೋರಿದ ದಿನ ಅದೇ ಮಜೂರಿ ಎರಡನೇ ಸಲ.

ಬ್ರೇಕ್ ಆಯಿಲ್‌ಗೂ ವಯಸ್ಸೇ ಲೆಕ್ಕ, ಕಿಲೋಮೀಟರ್ ಅಲ್ಲ. ಗಾಡಿ ನಿಂತಿದ್ದರೂ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಬೆಳಗಾವಿ ಮಳೆ ಗೊತ್ತಲ್ವಾ? ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಯಿಲ್ ಕುದ್ದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟ್ ಇಳಿಯುತ್ತಾ ಬ್ರೇಕ್ ಮೇಲೆ ಬ್ರೇಕ್ ಒತ್ತುವವರಿಗೆ ಇದು ಸಣ್ಣ ವಿಷಯವಲ್ಲ. ಮಿಸ್ತ್ರಿಯ ಪೆನ್ನಿನಂಥ ಟೆಸ್ಟರ್ ಅದ್ದಿದ ಕೂಡಲೇ ಕೆಂಪು ದೀಪ ಹತ್ತಿತು.

ನಾನು ಆರಿಸಿದ್ದು ಗ್ಯಾರೇಜನ್ನು. ಆದರೆ ಕೆಲಸದ ಪಟ್ಟಿಗೆ ಸರ್ವಿಸ್ ಸೆಂಟರಿನ ಎಸ್ಟಿಮೇಟನ್ನೇ ಇಟ್ಟುಕೊಂಡು ಅರ್ಧ ಹೊಡೆದುಹಾಕಿದೆ. ಬೆಲ್ಟ್ ಸೆಟ್ಟು, ಪಂಪ್, ಕೂಲಂಟ್, ಬ್ರೇಕ್ ಆಯಿಲ್, ವ್ಯಾಕ್ಯೂಮ್ ಪೈಪುಗಳು ಬದಲಾದವು. ಪ್ಲಗ್ ಮತ್ತು ಬ್ರೇಕ್ ಪ್ಯಾಡ್ ಹಳೆಯವೇ. ಗ್ಯಾರೇಜಿನ ಕಿರಿಕಿರಿ ಎಂದರೆ ಪಾರ್ಟ್ಸ್ ನಾವೇ ತರಿಸಿ ಕಾಯಬೇಕು. ಇನ್ನು ಬಿಲ್ಲು? ಚೀಟಿಯ ಮೇಲೆ ಬರೀ ಮೊತ್ತ ಗೀಚಿದ್ದರು. ತಾರೀಖು, ಕಿಲೋಮೀಟರ್, ಹಾಕಿದ ಪಾರ್ಟುಗಳ ಹೆಸರು ಬರೆಯಿಸಿಕೊಂಡು ಸಹಿ ಹಾಕಿಸಿದೆ. ಹಳೇ ಬೆಲ್ಟನ್ನೂ ಕೇಳಿ ತಂದೆ.

ಬೆಲ್ಟ್ ಯಾವಾಗ ಹಾಕಿದ್ದು ಅನ್ನೋದಕ್ಕೆ ನಿಮ್ಮ ಹತ್ತಿರ ಬಿಲ್ ಇದ್ದು, ಅದರ ಅವಧಿ ಇನ್ನೂ ಬಾಕಿ ಇದ್ದರೆ ಇಷ್ಟೆಲ್ಲಾ ಬೇಡ. ಎಂಜಿನ್ ಆಯಿಲ್ ಬದಲಿಸಿ, ಬ್ರೇಕ್ ಆಯಿಲ್ ಟೆಸ್ಟ್ ಮಾಡಿಸಿ, ಟೈರಿನ ಬದಿಯಲ್ಲಿರುವ ನಾಲ್ಕಂಕಿ ಓದಿ. 2314 ಅಂತಿದ್ದರೆ ಅದು 2014ರ 23ನೇ ವಾರದ ಟೈರು. ಟೈರಿನ ಗ್ರೂವ್ ಇನ್ನೂ ಆಳವಾಗಿದ್ದರೂ ಅದನ್ನು ಹಾಕಿಕೊಂಡು ಹೈವೇಗೆ ಇಳಿಯಬೇಡಿ.