ರುಗರ್ ಮಾರ್ಕ್ 4 22/45: ಕೆಲವು ವರ್ಷ ಬಳಸಿದ ಮೇಲೆ ಅನ್ನಿಸಿದ್ದು

ಇದು ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಸ್‌ನಲ್ಲಿ ಕೂತು ಬರೆಯುತ್ತಿರುವ ವಿಮರ್ಶೆ. ಊರಲ್ಲಿರುವವರು ಸುಮ್ನೆ ಓದಿಕೊಳ್ಳಿ, ಅಲ್ಲಿನ ಕಾನೂನೇ ಬೇರೆ. ಇಲ್ಲಿರುವ ಕನ್ನಡದವರು ಮಾತ್ರ ಪಾರ್ಟಿಗಳಲ್ಲಿ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ವಾರಾಂತ್ಯಕ್ಕೆ ರೇಂಜಿಗೆ ಹೋಗಿ ಪೇಪರ್ ಟಾರ್ಗೆಟ್ ಹೊಡೆಯೋಣ ಅಂತಿದ್ದೇವೆ, ಜಾಸ್ತಿ ದುಡ್ಡು ಹಾಕದೆ ಯಾವ ಪಿಸ್ತೂಲು ತಗೊಳ್ಳಬಹುದು ಅಂತ. ಅವರಿಗಾಗಿ .22 ಅನ್ನುವ ಸಣ್ಣ ಗುಂಡು ಹೊಡೆಯುವ ಈ ರುಗರ್ ಪಿಸ್ತೂಲಿನ ಮಾತು. ಮನೆ ಕಾವಲಿಗೆ, ಸೊಂಟಕ್ಕೆ ಸಿಕ್ಕಿಸಿಕೊಳ್ಳೋಕೆ ಹುಡುಕುತ್ತಿದ್ದರೆ ಇದು ನಿಮಗಲ್ಲ.

ಗನ್ನಿನ ಮಾತಿಗಿಂತ ಮುಂಚೆ ವೀಸಾದ ಮಾತು. ಎಚ್-1ಬಿ, ಎಫ್-1 ತರಹದ ನಾನ್ ಇಮಿಗ್ರೆಂಟ್ ವೀಸಾದ ಮೇಲೆ ಬಂದಿದ್ದರೆ ಫೆಡರಲ್ ಕಾನೂನಿನ ಪ್ರಕಾರ ನೀವು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ವಿನಾಯಿತಿ ಕೆಲವೇ ಇವೆ. ಸಾಮಾನ್ಯವಾಗಿ ಜನ ಬಳಸುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್. ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದಕ್ಕೂ ಇದೇ ನಿಯಮ. ತುಂಬ ಜನಕ್ಕೆ ಇದು ಗೊತ್ತೇ ಇಲ್ಲ, ಆಫೀಸಿನವರ ಜೊತೆ ಹೋಗಿ ಹೊಡೆದು ಫೋಟೋ ಬೇರೆ ಹಾಕಿರುತ್ತಾರೆ. ಗ್ರೀನ್ ಕಾರ್ಡ್ ಇದ್ದರೆ ಈ ತೊಂದರೆ ಇಲ್ಲ. ಅಂಗಡಿಯಲ್ಲಿ ಫಾರ್ಮ್ 4473 ತುಂಬಿಸುತ್ತಾರೆ, ಅದರಲ್ಲಿ ಈ ಪ್ರಶ್ನೆಯೂ ಇದೆ, ಸುಳ್ಳು ಬರೆದರೆ ಅದೇ ದೊಡ್ಡ ಅಪರಾಧ. ಅನುಮಾನ ಇದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ, ಗನ್ ಅಂಗಡಿಯ ಹುಡುಗನನ್ನಲ್ಲ. ಡೀಲರ್ ಹತ್ತಿರ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು. ಟೆಕ್ಸಸ್‌ನಲ್ಲಿ ಬೇರೆ ಪರ್ಮಿಟ್ ಬೇಡ. ನ್ಯೂಜೆರ್ಸಿಯಲ್ಲಿ ಒಂದೊಂದು ಪಿಸ್ತೂಲಿಗೂ ಮೊದಲೇ ಪರ್ಮಿಟ್ ಬೇಕು, ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್ (ಗನ್ ಇಟ್ಟುಕೊಳ್ಳಲು ರಾಜ್ಯ ಕೊಡುವ ಗುರುತಿನ ಚೀಟಿ) ಬೇಕು, ಕ್ಯಾಲಿಫೋರ್ನಿಯಾದಲ್ಲಿ ಹತ್ತು ದಿನ ಕಾಯಬೇಕು. ಹಾಗಾಗಿ ಡಲ್ಲಾಸ್ ಗೆಳೆಯ ಹೇಳಿದ ಅಂತ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಅದೇ ಥರ ಹೊರಡಬೇಡಿ.

ಈಗ ದುಡ್ಡಿನ ವಿಷಯ. ಅಗ್ಗದ ಪಿಸ್ತೂಲು ಯಾವುದು ಅಂತ ಕೇಳುವವರು ಡಬ್ಬಿ ಮೇಲಿನ ಬೆಲೆ ನೋಡುತ್ತಾರೆ. ನೋಡಬೇಕಾದ್ದು ಗುಂಡಿನ ಬೆಲೆ. ಒಳ್ಳೆಯ .22 ಲಾಂಗ್ ರೈಫಲ್ ಗುಂಡು (ಹೆಸರಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಇದೇ) ಒಂದಕ್ಕೆ ಏಳೆಂಟು ಸೆಂಟ್ ಬೀಳುತ್ತದೆ. 9 ಎಂಎಂ ಆದರೆ ಇಪ್ಪತ್ತೈದು ಸೆಂಟ್ ಆಸುಪಾಸು. ಒಂದು ಸಲ ರೇಂಜಿಗೆ ಹೋದರೆ ಇನ್ನೂರು ಗುಂಡು ಆರಾಮಾಗಿ ಮುಗಿಯುತ್ತವೆ. ಅಂದರೆ ಒಂದು ಕಡೆ ಹದಿನೈದು ಡಾಲರ್, ಇನ್ನೊಂದು ಕಡೆ ಐವತ್ತು. ತಿಂಗಳಿಗೆ ಎರಡು ಸಲ ಹೋಗುವವರು ವರ್ಷದ ಲೆಕ್ಕ ಹಾಕಿಕೊಳ್ಳಿ, ಆ ವ್ಯತ್ಯಾಸದಲ್ಲೇ ಇನ್ನೊಂದು ಪಿಸ್ತೂಲು ಬರುತ್ತದೆ. ಹಾಗಾಗಿ ನೂರು ಡಾಲರ್ ಉಳಿಸೋಕೆ ಅಂತ ಮನಸ್ಸಿಗೆ ಒಗ್ಗದ ಪಿಸ್ತೂಲು ತಗೊಳ್ಳುವುದರಲ್ಲಿ ಅರ್ಥವಿಲ್ಲ. .22 ಒಳಗೆ ಯಾವುದು ತಗೊಂಡರೂ ಅದು ಅಗ್ಗದ ಹವ್ಯಾಸವೇ. ಯಾವುದನ್ನು ತಗೊಂಡರೆ ನೀವು ಮತ್ತೆ ಮತ್ತೆ ರೇಂಜಿಗೆ ಹೋಗುತ್ತೀರಿ ಅನ್ನುವುದು ಪ್ರಶ್ನೆ.

ನಾನು ತಗೊಂಡಿದ್ದು ರುಗರ್ ಮಾರ್ಕ್ 4ರ 22/45 ಮಾದರಿ. 5.5 ಇಂಚಿನ ದಪ್ಪ ಬ್ಯಾರೆಲ್, ಪ್ಲಾಸ್ಟಿಕ್ ಹಿಡಿ, ತಿರುಗಿಸಿ ಸರಿ ಮಾಡಿಕೊಳ್ಳಬಹುದಾದ ಹಿಂದಿನ ಸೈಟ್ (ಗುರಿ ನೋಡುವ ಗುರುತು). ಹಿಡಿಯ ಓರೆ ಹಳೆಯ 1911 ಪಿಸ್ತೂಲಿನ ಥರ. ಅದೇ ಮಾರ್ಕ್ 4ರಲ್ಲಿ ಪೂರ್ತಿ ಉಕ್ಕಿನದೂ ಇದೆ, ಅದರ ಹಿಡಿ ಹೆಚ್ಚು ಓರೆ, ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಅಂಗಡಿಯಲ್ಲಿ ಎರಡನ್ನೂ ಹಿಡಿದು ನೋಡಿ. ಕಣ್ಣು ಮುಚ್ಚಿ ಗೋಡೆಯ ಕಡೆ ಎತ್ತಿ, ಕಣ್ಣು ಬಿಟ್ಟಾಗ ಮುಂದಿನ ಸೈಟ್ ಯಾವುದರಲ್ಲಿ ತಾನಾಗಿ ನೆಟ್ಟಗಿದೆಯೋ ಅದು ನಿಮ್ಮದು. ಹಾಂ, ಎತ್ತುವ ಮುಂಚೆ ಅದು ಖಾಲಿ ಅಂತ ಅಂಗಡಿಯವರಿಂದ ತೋರಿಸಿಕೊಂಡು, ನೀವೂ ನೋಡಿ, ಯಾವ ಕಡೆಗೆ ಎತ್ತಬಹುದು ಅಂತ ಕೇಳಿ.

ಈ ಪಿಸ್ತೂಲಿನ ವಂಶ ಹಳೆಯದು. ರುಗರ್ ಕಂಪನಿ ಶುರುವಾಗಿದ್ದೇ 1949ರಲ್ಲಿ ಇಂಥದ್ದೊಂದು .22 ಪಿಸ್ತೂಲಿನಿಂದ, ಆಗ ಅದರ ಬೆಲೆ 37.50 ಡಾಲರ್. ಅಂದಿನಿಂದಲೂ ಇದರ ಮೈ ಹೆಚ್ಚು ಬದಲಾಗಿಲ್ಲ. ಬ್ಯಾರೆಲ್ ಮತ್ತು ಮೇಲಿನ ಕೊಳವೆ ಒಂದಕ್ಕೊಂದು ಬಿಗಿಯಾಗಿ ಕೂತಿರುತ್ತವೆ, ಒಳಗೆ ಗುಂಡನ್ನು ಬ್ಯಾರೆಲ್ಲಿಗೆ ತಳ್ಳುವ ಬೋಲ್ಟ್ ಒಂದೇ ಹಿಂದೆ ಮುಂದೆ ಓಡಾಡುತ್ತದೆ. ಬೇರೆ ಪಿಸ್ತೂಲುಗಳ ಥರ ಮೇಲಿನ ಸ್ಲೈಡ್ ಪೂರ್ತಿ ಹಿಂದೆ ಹೋಗಿ ಬರುವುದಿಲ್ಲ. ಸೈಟ್‌ಗಳು, ಬ್ಯಾರೆಲ್ ಎರಡೂ ಒಂದೇ ಕಡೆ ನಿಂತಿರುವುದರಿಂದ ಗುರಿ ಕದಲುವುದಿಲ್ಲ. ಏಳು ಗಜದಲ್ಲಿ ಇದು ಒಂದೇ ಹರಕು ತೂತು ಮಾಡುತ್ತದೆ. ಇಪ್ಪತ್ತೈದು ಗಜದಲ್ಲಿ ಗುಂಡು ಆಚೀಚೆ ಹೋದರೆ ಅದು ಕೈ, ಪಿಸ್ತೂಲಲ್ಲ.

ಹಳೆಯ ಮಾರ್ಕ್ 2, ಮಾರ್ಕ್ 3 ಇಟ್ಟುಕೊಂಡವರು ಒಂದು ವಿಷಯಕ್ಕೆ ಗೊಣಗುತ್ತಿದ್ದರು. ಬಿಚ್ಚಿದರೆ ಮತ್ತೆ ಜೋಡಿಸುವುದು ದೊಡ್ಡ ಸರ್ಕಸ್ಸು. ಒಳಗೆ ಪಿನ್ನಿಗೆ ಬಡಿಯುವ ಹ್ಯಾಮರ್ ಯಾವ ಕೋನದಲ್ಲಿದೆ ನೋಡಿ, ಪಿಸ್ತೂಲನ್ನು ತಲೆಕೆಳಗು ಮಾಡಿ, ಅಲ್ಲಾಡಿಸಿ, ಸುತ್ತಿಗೆ ಹುಡುಕಿ. 2016ರಲ್ಲಿ ಮಾರ್ಕ್ 4 ಬಂದಾಗ ಅದಕ್ಕೆಲ್ಲ ಮಂಗಳ ಹಾಡಿದರು. ಗುಂಡು ತುಂಬುವ ಮ್ಯಾಗಜೀನ್ ತೆಗೆಯಿರಿ. ಬೋಲ್ಟ್ ಹಿಂದಕ್ಕೆಳೆದು ಗುಂಡು ಉಳಿದಿಲ್ಲ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಿ, ಮುಂದಕ್ಕೆ ಬಿಡಿ. ಸೇಫ್ಟಿ ಹಾಕಿ. ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಬಟನ್ ಒತ್ತಿದರೆ ಮೇಲಿನ ಭಾಗ ಪಿಸ್ತೂಲಿನ ಮೂತಿಯ ಕಡೆ ಮಡಚಿಕೊಂಡು ಎದ್ದು ಬರುತ್ತದೆ, ಬೋಲ್ಟ್ ಜಾರಿ ಅಂಗೈಗೆ ಬೀಳುತ್ತದೆ. ಅಷ್ಟೇ. ಸ್ಕ್ರೂಡ್ರೈವರ್ ಕೂಡ ಬೇಡ.

ಇದನ್ನು ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಕಾರಣ ಇದೆ. .22 ತುಂಬ ಕೊಳಕು ಗುಂಡು. ಮೇಣ, ಸೀಸದ ಪುಡಿ, ಅರೆಬೆಂದ ಮದ್ದು, ಎಲ್ಲ ಸೇರಿ ಕಾವಲಿಯ ಅಂಚಿನ ಜಿಡ್ಡಿನ ಥರ ಬೋಲ್ಟಿನ ಮುಖಕ್ಕೆ ಅಂಟಿಕೊಳ್ಳುತ್ತದೆ. ಖಾಲಿ ಕವಚವನ್ನು ಕಚ್ಚಿ ಎಳೆಯುವ ಪುಟ್ಟ ಕೊಕ್ಕೆಯ ಕೆಳಗೆ ಅದು ಗಟ್ಟಿಯಾದರೆ ಸಿಕ್ಕಿಕೊಳ್ಳೋದು ಶುರು. ಹಳೆಯ ಟೂತ್ ಬ್ರಷ್, ಒಂದೆರಡು ಹನಿ ಎಣ್ಣೆ, ಬಟ್ಟೆ ಚೂರು ಇದ್ದರೆ ಹತ್ತು ನಿಮಿಷದ ಕೆಲಸ. ಬಿಚ್ಚುವುದು ಕಷ್ಟ ಆಗಿದ್ದರೆ ಈ ಕೆಲಸವನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತೇವೆ, ಆಮೇಲೆ ರೇಂಜಿನಲ್ಲಿ ಪಿಸ್ತೂಲು ಕೈಕೊಡುತ್ತದೆ, ಆಮೇಲೆ ಹೋಗುವುದೇ ಕಡಿಮೆಯಾಗುತ್ತದೆ. ನನ್ನ ಪ್ರಕಾರ ಈ ಒಂದು ಬಟನ್‌ಗೇ ಇದರ ಅರ್ಧ ಬೆಲೆ ಕೊಡಬಹುದು. ಬ್ಯಾರೆಲ್ ಒಳಗೆ ಮಾತ್ರ ಸಲಾಕೆ ಹಾಕಿ ಪದೇ ಪದೇ ಉಜ್ಜಬೇಡಿ, ಅದರ ಅಗತ್ಯ ಇಲ್ಲ.

ಗುಂಡಿನಲ್ಲಿ ಆಯ್ಕೆ ಮುಖ್ಯ. ಬಕೆಟ್ ಲೆಕ್ಕದಲ್ಲಿ ಬರುವ ತೀರ ಅಗ್ಗದ ಗುಂಡು, ಹೆಸರು ಬೇಡ, ಕೆಲವೊಂದು ಸಿಡಿಯುವುದೇ ಇಲ್ಲ. .22ರಲ್ಲಿ ಸಿಡಿಮದ್ದು ಕವಚದ ತಳದ ಅಂಚಿನ ಸುತ್ತ ಇರುತ್ತದೆ, ಅದು ಎಲ್ಲ ಕಡೆ ಸಮನಾಗಿ ಹರಡಿಲ್ಲದಿದ್ದರೆ ಪಿನ್ನು ಬಡಿದ ಜಾಗದಲ್ಲಿ ಮದ್ದೇ ಇರುವುದಿಲ್ಲ. ಟಕ್ ಅಂತ ಸದ್ದಾಗಿ ಸುಮ್ಮನಾದರೆ ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ಪುಸ್ ಅಂತ ಸಣ್ಣ ಸದ್ದು ಬಂದರೆ ಮುಂದಿನದ್ದನ್ನು ಹೊಡೆಯಲೇಬೇಡಿ, ಗುಂಡು ಬ್ಯಾರೆಲ್ಲಿನಲ್ಲೇ ನಿಂತಿರಬಹುದು. ಬಿಚ್ಚಿ ನೋಡಿ, ಇಲ್ಲ ರೇಂಜ್ ಆಫೀಸರನ್ನು ಕರೆಯಿರಿ. ನನಗೆ ಒಗ್ಗಿದ್ದು ಸಿಸಿಐ ಕಂಪನಿಯ ಸ್ಟಾಂಡರ್ಡ್ ವೆಲಾಸಿಟಿ. ತೂಕ 40 ಗ್ರೇನ್, ಸೆಕೆಂಡಿಗೆ 1,070 ಅಡಿ ವೇಗ ಅಂತ ಡಬ್ಬಿ ಮೇಲಿದೆ. ಶಬ್ದದ ವೇಗಕ್ಕಿಂತ ಕಡಿಮೆ, ಹಾಗಾಗಿ ಚಟೀರ್ ಅನ್ನುವ ಆ ಚೂಪು ಸದ್ದು ಇರುವುದಿಲ್ಲ. ಸದ್ದು ಕಡಿಮೆ ಅಂತ ಕಿವಿಗೆ ಏನೂ ಹಾಕದೆ ನಿಲ್ಲಬೇಡಿ. ಒಳಾಂಗಣ ರೇಂಜಿನಲ್ಲಿ ಪಕ್ಕದ ಲೇನಿನವನು ಏನು ತಂದಿದ್ದಾನೆ ಅಂತ ನಿಮಗೆ ಗೊತ್ತಿರುವುದಿಲ್ಲ. ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ.

ಕಿರಿಕಿರಿಗಳೂ ಇವೆ. ಮ್ಯಾಗಜೀನ್ ಒಳಗಿಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದ ಹಾಗೆ ಮಾಡಿದ್ದಾರೆ. ಸುರಕ್ಷತೆಗೆ ಅಂತ ಇಟ್ಟಿದ್ದು, ಸರಿ. ಆದರೆ ಮನೆಯಲ್ಲಿ ಗುಂಡಿಲ್ಲದೆ ಟ್ರಿಗರ್ ಅಭ್ಯಾಸ ಮಾಡುವಾಗ ಖಾಲಿ ಮ್ಯಾಗಜೀನ್ ಹಾಕಬೇಕು, ಹಾಕಿದರೆ ಪ್ರತಿ ಸಲ ಹಿಂದಕ್ಕೆಳೆದ ಬೋಲ್ಟ್ ಅಲ್ಲೇ ನಿಲ್ಲುತ್ತದೆ, ಅದನ್ನು ಬಿಡಿಸಿ ಮತ್ತೆ ಶುರು ಮಾಡಬೇಕು. ಒಂದು ಸಮಾಧಾನ ಏನೆಂದರೆ ತುಂಬ .22ಗಳನ್ನು ಹೀಗೆ ಖಾಲಿ ಹೊಡೆಯಬಾರದು, ಇದನ್ನು ಹೊಡೆಯಬಹುದು ಅಂತ ಕೈಪಿಡಿಯಲ್ಲೇ ಇದೆ. ಫೈರಿಂಗ್ ಪಿನ್ನಿನ ಅಡ್ಡ ಪಿನ್ನು ಜಾಗದಲ್ಲಿರಬೇಕು ಅಷ್ಟೇ. ಮ್ಯಾಗಜೀನ್ ತುಂಬುವುದು ಇನ್ನೊಂದು. ಪಕ್ಕದ ಗುಬುಟನ್ನು ಹೆಬ್ಬೆರಳಲ್ಲಿ ಕೆಳಕ್ಕೆಳೆದು ಹಿಡಿದು ಒಂದೊಂದೇ ಹಾಕಬೇಕು, ಹತ್ತು ಹಿಡಿಯುತ್ತದೆ. ನೂರು ಗುಂಡಾಗುವಷ್ಟರಲ್ಲಿ ಹೆಬ್ಬೆರಳು ಉರಿಯುತ್ತದೆ. ಹದಿನೈದು ಇಪ್ಪತ್ತು ಡಾಲರಿನ ಲೋಡರ್ ಸಿಗುತ್ತದೆ, ತಗೊಳ್ಳಿ. ಹೆಚ್ಚುವರಿ ಮ್ಯಾಗಜೀನ್ ತರುವಾಗ 22/45 ಅಂತ ಬರೆದದ್ದೇ ನೋಡಿ ತನ್ನಿ, ಉಕ್ಕಿನ ಹಿಡಿಯ ಮಾರ್ಕ್ 4ರದ್ದು ಇದಕ್ಕೆ ಕೂರುವುದಿಲ್ಲ. ಟ್ರಿಗರ್ ಪರವಾಗಿಲ್ಲ, ಅದ್ಭುತ ಅಂತೇನಿಲ್ಲ. ಸ್ವಲ್ಪ ಎಳೆತ ಇದೆ. ಬದಲಾಯಿಸೋಕೆ ಕಿಟ್‌ಗಳು ಸಿಗುತ್ತವೆ, ಆದರೆ ಆ ದುಡ್ಡಿಗೆ ಎರಡು ಸಾವಿರ ಗುಂಡು ಬರುತ್ತವೆ. ಗುರಿ ಸುಧಾರಿಸುವುದು ಯಾವುದರಿಂದ ಅಂತ ನೀವೇ ಹೇಳಿ.

ಕೊಳ್ಳುವ ಮುಂಚೆ ನೋಡಿದ ಬೇರೆಯವು. ಟಾರಸ್ ಟಿಎಕ್ಸ್22 ಇದಕ್ಕಿಂತ ಅಗ್ಗ, ಹಗುರ, ಮ್ಯಾಗಜೀನಿಗೆ 16 ಗುಂಡು. ಈಗಿನ 9 ಎಂಎಂ ಪಿಸ್ತೂಲುಗಳ ಹಾಗೇ ಕೈಗೆ ಕೂರುತ್ತದೆ. ಮುಂದೆ 9 ಎಂಎಂಗೆ ಹೋಗುವ ಯೋಚನೆ ಇದ್ದರೆ ಅದೇ ಸರಿ. ಸ್ಮಿತ್ ಅಂಡ್ ವೆಸನ್ ವಿಕ್ಟರಿ, ಬ್ರೌನಿಂಗ್ ಬಕ್ ಮಾರ್ಕ್ ಎರಡೂ ಗುರಿಯಲ್ಲಿ ಮಾರ್ಕ್ 4ರ ಸಮಕ್ಕೆ ನಿಲ್ಲುತ್ತವೆ, ಬಕ್ ಮಾರ್ಕ್ ಟ್ರಿಗರ್ ನನಗೆ ಇದಕ್ಕಿಂತ ಇಷ್ಟವಾಯಿತು. ಆದರೆ ಬಿಚ್ಚೋಕೆ ಎರಡಕ್ಕೂ ಅಲೆನ್ ಕೀ ಬೇಕು. ತೀರ ಕಡಿಮೆ ದುಡ್ಡು ಅಂದರೆ ರುಗರ್ ರಾಂಗ್ಲರ್ ರಿವಾಲ್ವರ್, 2019ರಲ್ಲಿ ಬಂದಾಗ ಕಂಪನಿ ಇಟ್ಟ ಬೆಲೆ 249 ಡಾಲರ್. ಆರು ಗುಂಡು, ಪ್ರತಿ ಸಲ ಹ್ಯಾಮರ್ ಎಳೆಯಬೇಕು, ಸೈಟ್ ಸರಿಮಾಡೋಕೆ ಬರುವುದಿಲ್ಲ. ನಿಧಾನಕ್ಕೆ ಹೊಡೆಯುವುದೇ ಸುಖ ಅನ್ನುವವರಿಗೆ ಅದು ಬಲು ಚೆನ್ನ, ಮಕ್ಕಳಿಗೆ ಕಲಿಸೋಕೂ.

ಸೆಕೆಂಡ್ ಹ್ಯಾಂಡ್ ಮಾರ್ಕ್ 4 ಸಿಕ್ಕರೆ ಬಿಡಬೇಡಿ, ಆದರೆ ಸೀರಿಯಲ್ ನಂಬರ್ ನೋಡಿ. 2017ರ ಜೂನ್‌ನಲ್ಲಿ ಕಂಪನಿಯೇ ರೀಕಾಲ್ ಮಾಡಿತು. ಸೇಫ್ಟಿ ಲಿವರ್ ಪೂರ್ತಿ ಮೇಲೂ ಇಲ್ಲದೆ ಕೆಳಗೂ ಇಲ್ಲದೆ ನಡುವೆ ಇದ್ದಾಗ ಟ್ರಿಗರ್ ಎಳೆದರೆ, ಆಮೇಲೆ ಲಿವರ್ ಸರಿಸುವಾಗ ಗುಂಡು ಹಾರುವ ಸಾಧ್ಯತೆ ಇತ್ತು. ನಂಬರ್ 401 ಅಥವಾ ಡಬ್ಲ್ಯುಬಿಆರ್ ಅಂತ ಶುರುವಾದರೆ ಅದು ಆ ಕಾಲದ್ದು. ಸರಿಪಡಿಸಿದ್ದರೆ ಸೇಫ್ಟಿಯ ಬಿಳಿ ಚುಕ್ಕೆಯೊಳಗೆ ಎಸ್ ಅಕ್ಷರ ಇರುತ್ತದೆ. ಇಲ್ಲದಿದ್ದರೆ ಮೊದಲು ಕಂಪನಿಗೆ ಫೋನ್ ಮಾಡಿ, ಆಮೇಲೆ ಗುಂಡು ಹಾಕಿ.

ಬಜೆಟ್ ಹಾಕುವಾಗ ಪಿಸ್ತೂಲು ಒಂದನ್ನೇ ಬರೆಯಬೇಡಿ. 22/45ಗೆ ನಾನೂರು ಡಾಲರ್ ಅಂತ ಇಟ್ಟುಕೊಳ್ಳಿ, ಜೊತೆಗೆ ಕಿವಿಗೆ, ಕಣ್ಣಿಗೆ, ಮತ್ತೆ ಬೀಗದ ಪೆಟ್ಟಿಗೆಗೆ ಇನ್ನೊಂದು ನೂರು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಮೊದಲು ತನ್ನಿ, ಪಿಸ್ತೂಲು ಆಮೇಲೆ. ಹದಿನೇಳು ತುಂಬದ ಮಗುವಿನ ಕೈಗೆ ಲೋಡ್ ಆದ ಗನ್ ಸಿಗುವ ಹಾಗೆ ಬಿಟ್ಟರೆ ಟೆಕ್ಸಸ್‌ನಲ್ಲೂ ಅಪರಾಧವೇ. ರೇಂಜಿನಿಂದ ಬಂದ ಕೂಡಲೇ ತಣ್ಣೀರು, ಸೋಪು ಹಾಕಿ ಕೈ ತೊಳೆದು, ಅಂಗಿ ಬದಲಿಸಿ ಮಗುವನ್ನು ಎತ್ತಿಕೊಳ್ಳಿ. ಈ ಗುಂಡು ಬಹುಪಾಲು ಬರಿ ಸೀಸ, ಕೈಗೂ ಬಟ್ಟೆಗೂ ಮೆತ್ತಿಕೊಂಡಿರುತ್ತದೆ.

.22 ಅಂದರೆ ಆಟದ ಸಾಮಾನು ಅಂತ ನಗುವವರು ಪಕ್ಕದ ಲೇನಿನಲ್ಲಿ ಸಿಕ್ಕೇ ಸಿಗುತ್ತಾರೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ನಿಂತಾಗ ಹೊಡೆದಿದ್ದೂ ಇದೇ .22 ಲಾಂಗ್ ರೈಫಲ್ ಗುಂಡೇ. ಅದೂ ಒಂದೇ ಕೈಯಲ್ಲಿ. ನಾವು ಎರಡೂ ಕೈಯಲ್ಲಿ ಹಿಡಿದು ಹದಿನೈದು ಗಜದಲ್ಲಿ ಕಪ್ಪು ವೃತ್ತದೊಳಗೆ ಹತ್ತೂ ಗುಂಡು ಇಟ್ಟರೆ ಸದ್ಯಕ್ಕೆ ಸಾಕು, ಅಲ್ವಾ? ಇದರ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಟ್ರಿಗರ್ ಎಳೆಯುವ ಮುಂಚೆ ಕೈ ಬೆಚ್ಚುವುದು ನಿಮ್ಮ ಕಣ್ಣಿಗೇ ಕಾಣುತ್ತದೆ. ದೊಡ್ಡ ಗನ್ನಿನಲ್ಲಿ ಅದು ಸದ್ದಿನಡಿ ಮುಚ್ಚಿಹೋಗುತ್ತದೆ. ನಡುನಡುವೆ ಒಂದೆರಡು ಡಮ್ಮಿ ಗುಂಡು ಸೇರಿಸಿ, ಗೆಳೆಯರ ಕೈಯಲ್ಲಿ ಮ್ಯಾಗಜೀನ್ ತುಂಬಿಸಿಕೊಳ್ಳಿ. ಡಮ್ಮಿ ಬಂದಾಗ ಮೂತಿ ಕೆಳಗೆ ಬಾಗಿದರೆ ನಿಮ್ಮ ಟಾರ್ಗೆಟ್ ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ.

ಒಂದು ಮಾತು ಉಳಿಯಿತು, ಊರಿಗೆ ಹೋಗುವವರಿಗೆ. ರೇಂಜಿನ ಬ್ಯಾಗು ರೇಂಜಿಗೆ ಮಾತ್ರ. ಒಂದು .22 ಗುಂಡು ಉದ್ದದಲ್ಲಿ ಒಂದೇ ಇಂಚು, ಬ್ಯಾಗಿನ ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ಕಣ್ಣಿಗೆ ಬೀಳುವುದಿಲ್ಲ, ಸ್ಕ್ಯಾನರಿಗೆ ಬೀಳುತ್ತದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಅದು ಆರ್ಮ್ಸ್ ಆಕ್ಟ್ ಕೆಳಗೆ ಪೊಲೀಸ್ ಕೇಸ್. ಆ ಬ್ಯಾಗಿನಲ್ಲಿ ಅಮ್ಮನಿಗೆ ಬಾದಾಮಿ ತುಂಬಿಕೊಂಡು ಹೊರಡಬೇಡಿ, ಬೇರೆ ಬ್ಯಾಗು ತಗೊಳ್ಳಿ.