ಜಗಲಿಗೆ ಯಾವ ಬಲೆ? ಬೆಕ್ಕಿನ ಮರಿ ಸಾಕುವ ಮಲೆನಾಡಿನ ಮನೆಗಳಿಗೆ

ಮೂರು ತಿಂಗಳ ಮರಿಯನ್ನು ಅಂಗಳಕ್ಕೆ ಬಿಟ್ಟು ‘ಬೆಕ್ಕಲ್ವಾ, ತಾನೇ ಕಲಿಯುತ್ತೆ ಬಿಡಿ’ ಅನ್ನುವವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗೊಬ್ಬರು ಸಿಗುತ್ತಾರೆ. ಕಲಿಯುತ್ತೆ, ನಿಜ. ಕಲಿಯುವ ತನಕ ಉಳಿದರೆ. ಅಲ್ಲಿಯವರೆಗೆ, ಅಂದರೆ ಕಡೇಪಕ್ಷ ಆರು ತಿಂಗಳು ತುಂಬುವವರೆಗೆ, ಮರಿಯನ್ನು ಜಗಲಿಯೊಳಗೇ ಇಟ್ಟುಕೊಳ್ಳಬೇಕು ಅನ್ನುವವರಿಗಾಗಿ ಪೇಟೆಯಲ್ಲಿ ಸಿಗುವ ಐದು ಸಾಮಾನುಗಳ ವಿಮರ್ಶೆ ಇದು: ಪಾರಿವಾಳದ ಬಲೆ, ಶೇಡ್ ನೆಟ್, ಮೀನಿನ ಬಲೆ, ಕೋಳಿ ಜಾಲರಿ, ವೆಲ್ಡ್ ಮೆಶ್ (ತಂತಿಗಳನ್ನು ಅಡ್ಡ-ಉದ್ದ ಬೆಸೆದ ಚೌಕ ಕಣ್ಣಿನ ಜಾಲರಿ). ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಹಾಕುವುದಾದರೆ ವೆಲ್ಡ್ ಮೆಶ್‌ಗೆ ಹಾಕಿ. ಶಿವಮೊಗ್ಗ ಪೇಟೆಯೊಳಗೆ ಮೂರನೇ ಮಹಡಿಯಲ್ಲಿ ಮನೆಯಿದ್ದರೆ ಪಾರಿವಾಳದ ಬಲೆ ನಡೆಯುತ್ತದೆ. ಉಳಿದ ಮೂರರಲ್ಲಿ ಒಂದಂತೂ ಮರಿಯ ಕುತ್ತಿಗೆಗೇ ಬರುವಂಥದ್ದು.

ಬಲೆ ಆರಿಸುವ ಮುಂಚೆ ಅದು ಯಾರನ್ನು ತಡೆಯಬೇಕು ಅಂತ ನೋಡಬೇಕು. ಅಪಾರ್ಟ್‌ಮೆಂಟಿನಲ್ಲಿ ಬಲೆ ಇರುವುದು ಬೆಕ್ಕು ಕೆಳಗೆ ಬೀಳದಿರಲಿ ಅಂತ. ನಮ್ಮಲ್ಲಿ ಹೊರಗಿನದು ಒಳಗೆ ಬರಬಾರದು ಅನ್ನುವುದೇ ದೊಡ್ಡ ಕೆಲಸ. ಬೀದಿನಾಯಿ ಮೂತಿಯಿಂದ ನೂಕುತ್ತದೆ, ಕೆಳಗಿನ ಅಂಚನ್ನು ಕಚ್ಚಿ ಎಳೆಯುತ್ತದೆ. ಊರಿನ ಮಾಳಬೆಕ್ಕು ಸಂದಿಯಲ್ಲಿ ಪಂಜ ತೂರಿಸುತ್ತದೆ. ತನ್ನದಲ್ಲದ ಮರಿಗಳನ್ನು ಕೊಲ್ಲುವ ಚಾಳಿ ಗಂಡಿಗೆ ಇದೆ. ಕಾಡಂಚಿನ ಮನೆಯಾದರೆ ರಾತ್ರಿ ಕಾಡುಬೆಕ್ಕು, ಹೆಬ್ಬಾವು, ಚಿರತೆ. ಹಗಲು ಮಂಗ ಬಂದು ಹಗ್ಗ ಕಂಡಲ್ಲೆಲ್ಲ ಜಗ್ಗಿ ನೋಡುತ್ತದೆ. ಹಾವಿನ ವಿಚಾರದಲ್ಲಿ ತಪ್ಪು ಹೆಚ್ಚಾಗಿ ಮರಿಯದ್ದೇ. ಕಟ್ಟಿಗೆ ರಾಶಿಯ ಬುಡದಲ್ಲಿ, ಕೊಟ್ಟಿಗೆಯ ದರಗಿನಲ್ಲಿ ಸರಿದಾಡಿದ್ದನ್ನೆಲ್ಲ ಅದು ಆಟದ ಸಾಮಾನು ಅಂತ ತಿಳಿದು ಕೈ ಹಾಕುತ್ತದೆ. ದೊಡ್ಡ ಬೆಕ್ಕು ಹಾವಿನೆದುರು ದೂರ ಕಾಯ್ದುಕೊಂಡು ಕೂರುತ್ತದೆ, ಮರಿಗೆ ಆ ಲೆಕ್ಕ ಗೊತ್ತಿಲ್ಲ. ನಾಗರ, ಕೊಳಕುಮಂಡಲ, ಕಟ್ಟುಹಾವು ಮೂರೂ ಮನೆಯ ಸುತ್ತಮುತ್ತ ಓಡಾಡುವ ಸೀಮೆ ಇದು.

ಮೊದಲು ಪಾರಿವಾಳದ ಬಲೆ. ಚದರ ಅಡಿ ಲೆಕ್ಕದಲ್ಲಿ, ಕಟ್ಟುವ ಕೂಲಿ ಸೇರಿಸಿಯೇ ಕೊಡುತ್ತಾರೆ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ನೋಡಲು ಚೆಂದ. ಕೊಳ್ಳುವಾಗ ಕೇಳಬೇಕಾದ್ದು ಎರಡೇ ಪ್ರಶ್ನೆ: ನೈಲಾನೋ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದ್ದೋ, ಮತ್ತು ಕಣ್ಣು, ಅಂದರೆ ಬಲೆಯ ತೂತು, ಎಷ್ಟು ಮಿಲಿಮೀಟರ್. ನೈಲಾನ್ ನೀರು ಹೀರುತ್ತದೆ, ಹೀರಿ ಹಿಗ್ಗುತ್ತದೆ. ಬೇಸಿಗೆಯಲ್ಲಿ ತಂತಿಯಂತೆ ಬಿಗಿಯಾಗಿದ್ದ ಬಲೆ ಆಷಾಢದ ಮಳೆಯಲ್ಲಿ ಜೋಲುತ್ತದೆ. ಎರಡು ಹುಕ್ಕಿನ ನಡುವೆ ಕೈಯಿಟ್ಟು ಒತ್ತಿ ನೋಡಿ, ನಾಲ್ಕು ಬೆರಳು ಸಲೀಸಾಗಿ ಹೋದರೆ ಮರಿಯ ತಲೆಯೂ ಹೋದಂತೆಯೇ. ಎಚ್‌ಡಿಪಿಇ ನೀರು ಹೀರುವುದಿಲ್ಲ. ಯುವಿ ತಡೆಯುವ ಕಪ್ಪು ಬಣ್ಣದ್ದು ಬಿಸಿಲಿಗೂ ಹೆಚ್ಚು ಬಾಳುತ್ತದೆ. ಕಣ್ಣು 25 ಮಿ.ಮೀ. ಮೀರಕೂಡದು. ಪಾರಿವಾಳಕ್ಕೆ 50 ಮಿ.ಮೀ. ಸಾಕು ಅಂತ ಅದನ್ನೇ ಕಟ್ಟಿ ಹೋಗುವವರಿದ್ದಾರೆ, ಎರಡು ತಿಂಗಳ ಮರಿ ಅದರಲ್ಲಿ ತಲೆ ತೂರಿಸಿದರೆ ಹಿಂದೆ ತೆಗೆಯಲಾರದೆ ಸಿಕ್ಕಿಬೀಳುತ್ತದೆ.

ಇದರ ನಿಜವಾದ ದೋಷ ಇನ್ನೊಂದು ಕಡೆ ಇದೆ. ಮರಿ ಬಲೆ ಹತ್ತುತ್ತದೆ. ಉಗುರು ಗಂಟಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಮೈ ತಿರುಚುತ್ತದೆ, ತಿರುಚಿದಷ್ಟೂ ದಾರ ಕಾಲಿಗೆ ಸುತ್ತುತ್ತದೆ. ಇಲ್ಲವೇ ಬೇಜಾರಿಗೆ ಕೆಳಮೂಲೆಯಲ್ಲಿ ಕೂತು ದಾರ ಅಗಿಯುತ್ತದೆ. ನಾಲ್ಕು ಕಣ್ಣು ಕತ್ತರಿಸಿದರೆ ಬಾಗಿಲು ತೆರೆದಂತೆ. ಹಾಗಾಗಿ ಈ ಬಲೆ ಕಟ್ಟಿಸಿದವರು ವಾರಕ್ಕೊಮ್ಮೆ ನೆಲದಿಂದ ಎರಡಡಿ ಎತ್ತರದವರೆಗೆ ಬೆರಳಾಡಿಸಿ ನೋಡಲೇಬೇಕು. ನಾಯಿ, ಮಂಗ ಬರುವ ಹಳ್ಳಿಮನೆಗೆ ಇದನ್ನು ನಾವು ಹೇಳುವುದಿಲ್ಲ.

ತೋಟದ ನರ್ಸರಿಗೆ ತಂದು ಮಿಕ್ಕಿದ ಹಸಿರು ಶೇಡ್ ನೆಟ್ ಪ್ರತಿ ಮನೆಯಲ್ಲೂ ಒಂದು ತುಂಡು ಇರುತ್ತದೆ, ಅದನ್ನೇ ಬಡಿದುಬಿಡೋಣ ಅನಿಸುವುದು ಸಹಜ. ಒಂದು ವಾರದ ಉಗುರಿಗೆ ಸೀಳುತ್ತದೆ. ಆದರೆ ಎಸೆಯಬೇಡಿ, ಮೆಶ್‌ನ ಹೊರಗಡೆ ಇಳಿಬಿಟ್ಟರೆ ಇರಚಲು ತಡೆಯಲು ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಮೀನಿನ ಬಲೆ ಮಾತ್ರ ಬೇಡವೇ ಬೇಡ. ಕಾಣದಷ್ಟು ತೆಳ್ಳಗಿನ ಒಂಟಿ ಎಳೆಯ ಆ ಬಲೆ ಹೆಣೆದಿರುವುದೇ ಒಳಗೆ ನುಗ್ಗಿದ್ದು ಸಿಕ್ಕಿಹಾಕಿಕೊಳ್ಳಲಿ ಅಂತ. ಮೀನು, ಹಾವು, ಮರಿ ಯಾವುದಕ್ಕೂ ಅದು ಭೇದ ಮಾಡದು. ಎಳೆ ಚರ್ಮಕ್ಕೆ ಇಳಿದು ರಕ್ತ ಓಡಾಟ ನಿಂತರೆ ಕಾಲು ತೆಗೆಯಬೇಕಾದೀತು.

ಕೋಳಿ ಜಾಲರಿ, ಆರು ಮೂಲೆಯ ಕಣ್ಣಿನದ್ದು, ಅಗ್ಗ, ಕೈಯಲ್ಲೇ ಬಗ್ಗುತ್ತದೆ. ಕೈಯಲ್ಲಿ ಬಗ್ಗುವುದು ನಾಯಿಯ ಮೂತಿಗೂ ಬಗ್ಗುತ್ತದೆ. ತಂತಿ ತೆಳು, ತಿರುಚಿದ ಜಾಗದಲ್ಲಿ ನೀರು ನಿಂತು ಅಲ್ಲಿಂದಲೇ ತುಕ್ಕು ಶುರು. ವರ್ಷದ ಸರಾಸರಿ ಮಳೆ 7000 ಮಿ.ಮೀ. ದಾಟುವ ಆಗುಂಬೆಯ ಸುತ್ತ ಇದನ್ನು ಹೊರಗಿನ ಕೆಲಸಕ್ಕೆ ನೆಚ್ಚುವುದು ಕಷ್ಟ. ತುಂಡಾದ ತಂತಿಯ ತುದಿ ಮರಿಯ ಕಣ್ಣಿನ ಎತ್ತರಕ್ಕೇ ಇರುತ್ತದೆ ಅನ್ನುವುದನ್ನೂ ನೆನಪಿಡಿ.

ಇನ್ನು ವೆಲ್ಡ್ ಮೆಶ್. ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ 3 ಅಡಿ, 4 ಅಡಿ ಅಗಲದ ಸುರುಳಿ ಕೇಳಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು ಅನ್ನುವುದು ಎಷ್ಟೋ ಜನರಿಗೆ ತಲೆಕೆಳಗಾಗಿ ತಿಳಿದಿರುತ್ತದೆ: 16 ಗೇಜ್ ಅಂದರೆ ಸುಮಾರು 1.6 ಮಿ.ಮೀ., 18 ಗೇಜ್ ಅಂದರೆ 1.2. ನೆಲದಿಂದ 4 ಅಡಿಯವರೆಗೆ ಅರ್ಧ ಇಂಚಿನ ಕಣ್ಣು, 16 ಗೇಜ್. ಅದರ ಮೇಲೆ ಒಂದು ಇಂಚಿನ ಕಣ್ಣು ಸಾಕು. ಕೆಳಗೂ ಒಂದು ಇಂಚಿನದ್ದೇ ಹಾಕಿದರೆ ಮರಿ ಹೊರಗೆ ಚಾಚಿದ ಪಂಜವನ್ನು ನಾಯಿ ಕಚ್ಚುತ್ತದೆ.

ಗೇಜ್ ಸರಿಯಿದೆಯೇ ಅಂತ ತಕ್ಕಡಿಯಲ್ಲೇ ತಿಳಿಯಬಹುದು. 4 ಅಡಿ ಅಗಲದ ಅರ್ಧ ಇಂಚಿನ 16 ಗೇಜ್ ಮೆಶ್ ಹನ್ನೆರಡೂವರೆ ಅಡಿ ಉದ್ದಕ್ಕೆ ಸುಮಾರು 12 ಕೆ.ಜಿ. ತೂಗಬೇಕು. ಏಳು ಕೆ.ಜಿ.ಯ ಹತ್ತಿರ ನಿಂತರೆ ಕೊಡುತ್ತಿರುವುದು 18 ಗೇಜ್. ಇನ್ನೊಂದು, ತಂತಿಗಳು ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೂಡುಗಂಟಿನ ಮೇಲೂ ಸತುವಿನ ಲೇಪ ಒಂದೇ ಸಮ ಹರಿದು, ಒಂಚೂರು ಉಬ್ಬಿದಂತೆ ಕಂಡರೆ ಬೆಸುಗೆ ಆದ ಮೇಲೆ ಸತುವಿನಲ್ಲಿ ಅದ್ದಿದ್ದು. ಅಲ್ಲಿ ಸುಟ್ಟ ಕಂದು ಚುಕ್ಕೆ ಇದ್ದರೆ ಲೇಪ ಮೊದಲು, ಬೆಸುಗೆ ಆಮೇಲೆ ಅಂತ ಅರ್ಥ. ಬೆಸುಗೆಯ ಬಿಸಿಗೆ ಸತು ಸುಟ್ಟುಹೋದ ಆ ಚುಕ್ಕೆಯೇ ಮಳೆಗಾಲಕ್ಕೆ ತುಕ್ಕಿನ ಬಾಯಿ. ಎರಡೂ ಒಂದೇ ಸುರುಳಿಯಂತೆ ಕಾಣುತ್ತವೆ, ಅಂಗಡಿಯವರು ತಾವಾಗಿ ಹೇಳುವುದೂ ಅಪರೂಪ.

ಅರ್ಧ ಇಂಚು ದೊಡ್ಡ ಹಾವನ್ನು ತಡೆಯುತ್ತದೆ, ಹಾವಿನ ಮರಿಯನ್ನಲ್ಲ. ತೋಟಕ್ಕೆ ಅಂಟಿಕೊಂಡ ಮನೆಯಾದರೆ ಕೆಳಗಿನ ಎರಡಡಿಗೆ ಕಾಲು ಇಂಚಿನ ಕಣ್ಣಿನ ಮೆಶ್ ಇನ್ನೊಂದು ಪದರ ಹಾಕಿ.

ಅಳತೆ ಹೀಗೆ. ಜಗಲಿಯ ಬಾಯಿ 12 ಅಡಿ ಅಗಲ, 7 ಅಡಿ ಎತ್ತರ ಅಂತಿಟ್ಟುಕೊಳ್ಳಿ. 4 ಅಡಿ ಅಗಲದ ಮೆಶ್ಶನ್ನು ಅಡ್ಡಡ್ಡ ಎರಡು ಸಾಲು ಹಾಕಿದರೆ 8 ಅಡಿ. ನಡುವೆ 2 ಇಂಚು ಒಂದರ ಮೇಲೊಂದು ಕೂರಿಸಿದರೂ ಕೆಳಗೆ 10 ಇಂಚು ಮಿಗುತ್ತದೆ. ಅದನ್ನು ಕತ್ತರಿಸಬೇಡಿ. ಹೊರಗಡೆಗೆ ಮಡಚಿ ನೆಲದ ಮೇಲೆ ಹಾಸಿ ಕಲ್ಲು ಹೇರಿ. ನಾಯಿ ಕೆರೆಯುವುದು ಗೋಡೆಯ ಬುಡದಲ್ಲೇ, ಆ ಮಡಿಕೆಯ ಮೇಲೆ ನಿಂತುಕೊಂಡು ತನ್ನ ಕಾಲಡಿಯನ್ನೇ ಕೆರೆಯಲು ಅದಕ್ಕೆ ಬರುವುದಿಲ್ಲ. ಎರಡು ಸಾಲು ಕೂಡುವಲ್ಲಿ 20 ಗೇಜ್ ಕಟ್ಟುತಂತಿಯಿಂದ ನಾಲ್ಕು ಇಂಚಿಗೊಂದು ಕಟ್ಟು, ತಂತಿಯ ತುದಿಗಳು ಹೊರಮುಖವಾಗಿ ಮಡಚಿರಲಿ. ಮರದ ಕಂಬಕ್ಕೆ ಯು ಮೊಳೆ ಬೇಡ. ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಮರ ಅದನ್ನು ಮೆಲ್ಲಗೆ ಉಗುಳುತ್ತದೆ. ಅಗಲ ವಾಷರ್ ಹಾಕಿ ಸ್ಕ್ರೂ ಬಿಗಿಯುವುದು, ಆರು ಇಂಚಿಗೊಂದು. ಮೇಲೊಂದು ಅಡಿಕೆ ದಬ್ಬೆಯನ್ನು ಪಟ್ಟಿಯಂತೆ ಒತ್ತಿ ಕೊಟ್ಟರೆ ಚೂಪು ಅಂಚು ಮುಚ್ಚುತ್ತದೆ, ಮನೆಗೂ ಒಪ್ಪುತ್ತದೆ.

ಹಂಚಿನ ಮನೆಯಲ್ಲಿ ಕೆಲಸ ಕೆಡುವುದು ಜಗಲಿಯ ಬಾಯಲ್ಲಲ್ಲ, ಮಾಡಿನ ಕೆಳಗೆ. ಗೋಡೆಯ ತಲೆಗೂ ಪಕಾಸಿಗೂ (ಮಾಡಿನ ಇಳಿಜಾರು ಮರದ ಪಟ್ಟಿ) ನಡುವೆ ಅಂಗೈ ಅಗಲದ ಸಂದು ಉದ್ದಕ್ಕೂ ಇರುತ್ತದೆ. ಮರಿ ಜಾಲರಿ ಹತ್ತಿ ಅಟ್ಟಕ್ಕೆ, ಅಟ್ಟದಿಂದ ಆ ಸಂದಿಗೆ, ಅಲ್ಲಿಂದ ಹಂಚಿನ ಮೇಲೆ. ಮಾಳಬೆಕ್ಕು ಬರುವುದೂ ಅದೇ ದಾರಿ. ಪ್ರತಿ ಎರಡು ಪಕಾಸಿನ ನಡುವಿನ ಅಳತೆ ತೆಗೆದು ತುಂಡು ಮೆಶ್ ಕೂರಿಸಬೇಕು. ಬೇಸರದ ಕೆಲಸ, ಜಗಲಿಯ ಬಾಯಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ. ಗುತ್ತಿಗೆ ಕೊಡುವುದಾದರೆ ಇದನ್ನು ಮೊದಲೇ ಮಾತಾಡಿ, ಚದರ ಅಡಿ ಲೆಕ್ಕದವರು ಇದನ್ನು ನೋಡಿಯೂ ನೋಡದಂತೆ ಹೋಗುತ್ತಾರೆ. ಬಾಗಿಲ ಕೆಳಗಿನ ಸಂದು ಒಂದು ಬೆರಳಿಗಿಂತ ಹೆಚ್ಚಿರಬಾರದು. ಜಾಗವಿದ್ದರೆ ಮೂರಡಿ ಬಿಟ್ಟು ಎರಡನೇ ಬಾಗಿಲು ಮಾಡಿಸಿ. ನೆಂಟರು ಬಂದಾಗ, ಹಾಲಿನವರು ಬಂದಾಗ ಮರಿ ಕಾಲಸಂದಿಯಲ್ಲಿ ನುಸುಳುವುದು ಒಂದೇ ಬಾಗಿಲಿನ ಮನೆಯಲ್ಲಿ.

ಒಳಗೆ ಬರೀ ನೆಲ ಬಿಟ್ಟರೆ ಮರಿ ದಿನವಿಡೀ ಮೆಶ್‌ಗೆ ಜೋತು ಅರಚುತ್ತದೆ. ಎತ್ತರದಲ್ಲಿ ಎರಡು ಹಲಗೆ, ತೆಂಗಿನ ನಾರಿನ ಹಗ್ಗ ಸುತ್ತಿದ ಒಂದು ಗೂಟ, ಮಲಮೂತ್ರಕ್ಕೆ ಮರಳಿನ ತಟ್ಟೆ ಸಾಕು. ತಟ್ಟೆಯ ಲೆಕ್ಕ ಬೆಕ್ಕಿಗೊಂದು, ಮೇಲೊಂದು ಹೆಚ್ಚು.

ಜಾಲರಿಯ ಬದಲು ಕೊರಳಪಟ್ಟಿ, ಟ್ರ್ಯಾಕರ್ ಸಾಲದೇ ಅಂತ ಕೇಳುವವರಿಗೆ: ಸಾಲದು. ಸಿಮ್ ಹಾಕುವ ಜಿಪಿಎಸ್ ಯಂತ್ರ 25–35 ಗ್ರಾಂ ತೂಗುತ್ತದೆ, ಒಂದು ಕೆ.ಜಿ. ಮರಿಯ ಕೊರಳಿಗೆ ಅದು ಭಾರವೇ. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಲ್ಲಿ ಅದು ಇದ್ದ ಜಾಗ ತಿಳಿಸುವುದೂ ಇಲ್ಲ. ಬ್ಲೂಟೂತ್ ಟ್ಯಾಗ್ ಹಗುರ, ಆದರೆ ಅದು ಕೆಲಸ ಮಾಡುವುದು ಹತ್ತಿರ ಓಡಾಡುವ ಬೇರೆಯವರ ಫೋನುಗಳನ್ನು ನಂಬಿಕೊಂಡು. ಅಡಿಕೆ ತೋಟದಲ್ಲಿ ಯಾರ ಫೋನು? ಇಷ್ಟಕ್ಕೂ ನಾಯಿ ಹಿಡಿದ ಮೇಲೆ ಜಾಗ ಗೊತ್ತಾಗಿ ಪ್ರಯೋಜನವಿಲ್ಲ. ಪಟ್ಟಿ ಹಾಕಲೇಬೇಕೆಂದರೆ ಜಗ್ಗಿದರೆ ತಾನೇ ಬಿಚ್ಚಿಕೊಳ್ಳುವ ಬಕಲ್‌ನದ್ದು ತನ್ನಿ, ಕೈಯಲ್ಲಿ ಎಳೆದು ಬಿಚ್ಚುತ್ತದೆಯೇ ನೋಡಿಯೇ ಹಾಕಿ. ಬರೀ ಎಲಾಸ್ಟಿಕ್ ಇದ್ದದ್ದು ಕೊಂಬೆಗೆ ಸಿಕ್ಕಿದರೆ ಹಿಗ್ಗುತ್ತದೆ, ಬಿಡುವುದಿಲ್ಲ. ಸಡಿಲವಾದರೆ ಮುಂಗಾಲು ಅದರೊಳಗೆ ತೂರಿ ಕಂಕುಳು ಕೊಯ್ಯುತ್ತದೆ. ಎರಡು ಬೆರಳು ಹಿಡಿಯುವಷ್ಟು ಬಿಗಿ, ಬೆಳೆಯುವ ಮರಿಗೆ ವಾರಕ್ಕೊಮ್ಮೆ ಅಳತೆ.

ಎಷ್ಟೇ ಒಳ್ಳೆಯ ಮೆಶ್ ಆದರೂ ತಡೆಯಲಾರದ್ದು ಕೆಲವಿವೆ. ಇಲಿ ಪಾಷಾಣ ತಿಂದ ಇಲಿ ತೂರಾಡುತ್ತಾ ಒಳಗೇ ಬರಬಹುದು, ಅದನ್ನು ಹಿಡಿದ ಮರಿಗೂ ವಿಷ ಏರುತ್ತದೆ. ಬ್ರೊಮಾಡಿಯೋಲೋನ್ ಬಿಲ್ಲೆಯಾದರೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ತಿಂದ ದಿನ ಏನೂ ಕಾಣುವುದಿಲ್ಲ, ಮೂರರಿಂದ ಐದು ದಿನಕ್ಕೆ ಒಸಡು ಬಿಳಚಿಕೊಂಡು ರಕ್ತ ಸೋರುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದಿದೆ. ಸತುವಿನ ಫಾಸ್ಫೈಡ್, ಆ ಕಪ್ಪು ಪುಡಿ, ಅದಕ್ಕೆ ಅಂಥ ಮದ್ದಿಲ್ಲ. ಹಾಗಾಗಿ ಪೊಟ್ಟಣ ಎಸೆಯದೆ ಇಟ್ಟುಕೊಂಡು ಡಾಕ್ಟರಿಗೆ ತೋರಿಸಬೇಕು. ಮರಿ ಇರುವಷ್ಟು ದಿನ ಮನೆಯಲ್ಲಿ ಬೋನು ಮಾತ್ರ ಇಡಿ.

ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ದೋಟಿ, ಪೈಪು, ಡ್ರಮ್ಮು ತಂದು ಜಗಲಿಯಲ್ಲಿ ಒರಗಿಸುವ ರೂಢಿ ಬಿಡಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಬಿದ್ದ ದ್ರಾವಣ ಅದು. ನೆಲಕ್ಕೆ ತೊಟ್ಟಿಕ್ಕಿದ್ದನ್ನು ಮರಿ ತುಳಿದು ಪಂಜ ನೆಕ್ಕಿಕೊಂಡರೆ ವಾಂತಿ ಶುರುವಾಗುತ್ತದೆ.

ಉಣುಗು ಮೆಶ್ ದಾಟಿ ಬರುತ್ತದೆ, ನಮ್ಮ ಬಟ್ಟೆಗೆ ಅಂಟಿಕೊಂಡೂ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ, ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಕಾಡು ಸುತ್ತಿ ಬಂದ ಬೆಕ್ಕನ್ನು ಹಾಸಿಗೆಗೆ ಸೇರಿಸದಿರಲು ಇದೂ ಒಂದು ಕಾರಣ. ಆದರೆ ಗಾಬರಿಯಲ್ಲಿ ನಾಯಿಗೆ ತಂದ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ನಡುಕ ಹತ್ತಿ ಸೆಳವು ಬರುತ್ತದೆ, ಸಾಯಲೂಬಹುದು. ಔಷಧಿಯ ಚೀಟಿಯ ಮೇಲೆ ‘ಬೆಕ್ಕಿಗೆ’ ಅಂತಲೂ ಎಷ್ಟು ವಯಸ್ಸಿನದಕ್ಕೆ ಅಂತಲೂ ಎರಡೂ ಇರಬೇಕು.

ಲಸಿಕೆ 6ರಿಂದ 8 ವಾರಕ್ಕೆ ಶುರು, ಆಮೇಲೆ 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬೀಸ್ 12 ವಾರದ ಮೇಲೆ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಆಗ ಅದು ಮೆಶ್‌ನ ಪ್ರತಿ ಕಟ್ಟನ್ನೂ ಪರೀಕ್ಷೆ ಮಾಡುತ್ತದೆ. ಐದು ತಿಂಗಳೊಳಗೆ ಆಪರೇಷನ್ ಮಾಡಿಸುವುದು ಒಳ್ಳೆಯದು. ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೋ ನಿಮ್ಮೂರಿನ ಪಶು ಆಸ್ಪತ್ರೆಗೋ ಒಯ್ಯುವಾಗ ಕೈಚೀಲ ಬೇಡ, ಮುಚ್ಚಳವಿರುವ ಬುಟ್ಟಿಯಲ್ಲಿ ಹಳೇ ಟವೆಲ್ ಹಾಸಿ ಒಯ್ಯಿರಿ.

ಇಲಿ ಹಿಡಿಯಲೆಂದೇ ಸಾಕಿದ ಬೆಕ್ಕಾದರೆ ಇಷ್ಟೆಲ್ಲ ಆದ ಮೇಲೆ ಹಗಲು ಹೊತ್ತು ಬಿಡಬಹುದು, ರಾತ್ರಿ ಬೇಡ. ಬಿಡಲು ಶುರು ಮಾಡುವ ಹದಿನೈದು ದಿನ ಮುಂಚಿನಿಂದ ಸಂಜೆ ಐದೂವರೆಗೆ, ಒಂದೇ ತಟ್ಟೆಯನ್ನು ಚಮಚದಿಂದ ಬಡಿದು, ಜಗಲಿಯೊಳಗೇ ಊಟ ಕೊಡಿ. ಹೊರಗೆ ಬಿಡುವ ದಿನ ಬೆಳಗಿನ ಊಟ ಅರ್ಧ ಮಾಡಿ. ಹೊಟ್ಟೆ ಹಸಿದ ಬೆಕ್ಕು ತಟ್ಟೆಯ ಸದ್ದಿಗೆ ತೋಟದ ಆಚೆಯಿಂದಲೂ ಬರುತ್ತದೆ. ಅಂಗಳದಲ್ಲಿ ಕಾರು ಇದ್ದರೆ ಸ್ಟಾರ್ಟ್ ಮಾಡುವ ಮುನ್ನ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ. ಮಳೆಗಾಲದ ಬೆಳಿಗ್ಗೆ ಬಿಸಿ ಎಂಜಿನ್ ಹುಡುಕಿಕೊಂಡು ಮರಿ ಒಳಗೆ ಮಲಗಿರುತ್ತದೆ.